ಕಾಕಾ ಅವರ ಕಂಪ್ಯೂಟರ್‌ಗಳಿಗೆ ನೆಲೆ ಹುಡುಕಿದ ಕಥೆ

ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ನಮ್ಮ ಕಾಕಾ ಮೂವತ್ತು ವರ್ಷ ಕೂಡಿಟ್ಟಿದ್ದ ಹಳೆಯ ಕಂಪ್ಯೂಟರ್‌ಗಳಿಗೆ ಈ ದಸರೆಯ ಹೊತ್ತಿಗೆ ನೆಲೆ ಸಿಕ್ಕಿತು. ಅವರು ತೀರಿಕೊಂಡದ್ದು ಅದರ ಹಿಂದಿನ ವರ್ಷದ ಶ್ರಾವಣದಲ್ಲಿ. ಈ ನಡುವೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು, ಯಾವ ಕಾಗದ ಬೇಕು, ಯಾರನ್ನು ಕೇಳಬೇಕು ಎಂದು ಕನ್ನಡದಲ್ಲಿ ಹೇಳುವವರು ನನಗೆ ಒಬ್ಬರೂ ಸಿಗಲಿಲ್ಲ. ಇಂಥ ಕೋಣೆಯೊಂದು ನಿಮ್ಮ ಮನೆಯಲ್ಲೂ ಇದ್ದರೆ ನನ್ನಷ್ಟು ಅಲೆದಾಡುವುದು ಬೇಡ ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕಾಕಾ ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸಕ್ಕೆ ಇಳಿದವರು. ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ ಬಿಡಿಭಾಗ ಮಾಡುವ ಕಾರ್ಖಾನೆಗಳು, ಪತ್ತಿನ ಸಂಘಗಳು, ಖಡೇಬಜಾರಿನ ಮುದ್ರಣಾಲಯಗಳು ಅವರ ಗಿರಾಕಿಗಳು. ಯಾರಾದರೂ ಹೊಸ ಯಂತ್ರ ತಂದು ಹಳೆಯದನ್ನು ಮೂಲೆಗೆ ಹಾಕಿದರೆ ಅದನ್ನು ಕೇಳಿ ಪಡೆದು, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಮನೆಗೆ ತರುತ್ತಿದ್ದರು. ಹೀಗೆ ಮಾಳಿಗೆಯ ಕೋಣೆ ತುಂಬಿತು. ಬಿಬಿಸಿ ಮೈಕ್ರೊ, ಡಿಬಿ ಸ್ಪೆಕ್ಟ್ರಮ್, ಎಚ್‌ಸಿಎಲ್ ಮತ್ತು ವಿಪ್ರೊ ಪಿಸಿಗಳು, ಹಳದಿ ಅಕ್ಷರದ ಮಾನಿಟರ್‌ಗಳು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು, ಬಿಸ್ಕತ್ತಿನ ಡಬ್ಬಿಗಳಲ್ಲಿ ಫ್ಲಾಪಿಗಳು, ಅಂಕಿಗಳ ಆದೇಶದಿಂದ ನಡೆಯುವ ಎನ್‌ಸಿ ಲೇತ್‌ಗಳಿಗೆ ಬಳಸುತ್ತಿದ್ದ ರಂಧ್ರದ ಕಾಗದಪಟ್ಟಿಯ ಸುರುಳಿಗಳು ಅಲ್ಲಿದ್ದವು.

ಇದನ್ನೆಲ್ಲ ಏಕೆ ಉಳಿಸಬೇಕು ಎಂದು ಮನೆಯವರೂ ಕೇಳಿದರು, ಹೊರಗಿನವರೂ ಕೇಳಿದರು. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋದ ಮೇಲೆ ಇಲ್ಲಿನ ಕಂಪನಿಗಳು ತಾವೇ ಯಂತ್ರಗಳನ್ನು ಕಟ್ಟಲು ತೊಡಗಿದವು. ಡೆಸಿಬೆಲ್ ಎಲೆಕ್ಟ್ರಾನಿಕ್ಸ್ 1986ರಲ್ಲಿ ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ ಯಂತ್ರವನ್ನು ಪರವಾನಗಿ ಪಡೆದು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಇಲ್ಲಿ ಮಾರಿತು. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಬಿಬಿಸಿ ಮೈಕ್ರೊ, ಕೇಂದ್ರ ಸರ್ಕಾರ 1984ರಲ್ಲಿ ಆರಂಭಿಸಿದ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಯೋಜನೆಯ ಮೂಲಕ ನಮ್ಮ ಶಾಲೆಗಳಿಗೆ ಬಂತು. ಅದನ್ನೇ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಿಸಿತು. ಆ ಕಾಲದ ಆಪಲ್, ಕಮೊಡೋರ್ ಯಂತ್ರಗಳನ್ನು ಹೊರದೇಶಗಳಲ್ಲಿ ಸಾವಿರಾರು ಜನ ಜೋಪಾನ ಮಾಡಿದ್ದಾರೆ. ನಮ್ಮಲ್ಲಿ ತಯಾರಾದದ್ದನ್ನು, ನಮ್ಮ ಗುಮಾಸ್ತರು ಬಳಸಿದ್ದನ್ನು ನಾವು ಕಾಪಾಡದಿದ್ದರೆ ಬೇರೆ ಯಾರೂ ಕಾಪಾಡುವುದಿಲ್ಲ.

ಕಾಕಾ ಹೋದ ಮೇಲೆ ಮನೆ ಮಾರುವ ಮಾತು ಬಂತು. ಕಾಕಾ ಅವರ ಹೆಂಡತಿ, ನಮ್ಮ ಕಾಕು, ಒಬ್ಬರೇ ಅಷ್ಟು ದೊಡ್ಡ ಹೆಂಚಿನ ಮನೆಯಲ್ಲಿ ಇರುವುದು ಕಷ್ಟವಾಗಿತ್ತು. ಮಗ ಹುಬ್ಬಳ್ಳಿಯಲ್ಲಿ, ಮಗಳು ಪುಣೆಯಲ್ಲಿ. ಕೊಳ್ಳುವವರು ಮುಂಗಡ ಕೊಟ್ಟು, ಮೃಗಶಿರಾ ಮಳೆ ಕೂಡುವ ಮೊದಲು ಮನೆ ಖಾಲಿ ಮಾಡಿಕೊಡಬೇಕು ಎಂದರು. ಆಗಲೇ ಗುಜರಿಯವರು ಬಂದು ನೋಡಿ ಹೋದದ್ದು. ಅವರು ಯಂತ್ರಗಳಿಗೆ ಬೆಲೆ ಹೇಳಲಿಲ್ಲ, ಬೋರ್ಡುಗಳನ್ನು ಮಾತ್ರ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ, ಗಾಜಿನ ಮಾನಿಟರ್‌ಗಳನ್ನು ನೀವೇ ಸಾಗಿಸಿ ಎಂದರು. ಬೋರ್ಡಿನ ಅಂಚಿನ ಚಿನ್ನದ ಲೇಪದ ಮೇಲೆ ಅವರ ಕಣ್ಣು. ಹುಬ್ಬಳ್ಳಿಯ ತಮ್ಮ, ಅಂದರೆ ಕಾಕಾ ಅವರ ಮಗ, ಒಪ್ಪಿಕೊಳ್ಳುವ ಕಡೆಗೇ ವಾಲಿದ್ದ. ಕಾಕು ಮಾತ್ರ ನನ್ನ ಕಡೆ ತಿರುಗಿ, "ನೀನು ಇದನ್ನು ಓದಿದವಳು, ನೀನೇ ಹೇಳು" ಎಂದರು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವಳು. ಮಳೆಗಾಲದವರೆಗೆ ಸಮಯ ಕೊಡಿ ಎಂದೆ. ಆ ಮಾತು ಕೊಟ್ಟ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲ ಕೆಲಸ ಪಟ್ಟಿ ಮಾಡುವುದು. ಯಾವುದನ್ನೂ ಜಾಗದಿಂದ ಕದಲಿಸುವ ಮೊದಲು ಕೋಣೆಯ ನಾಲ್ಕೂ ಗೋಡೆಯಿಂದ ಫೋಟೊ ತೆಗೆದೆ. ಯಾವ ಕೇಬಲ್ ಯಾವುದಕ್ಕೆ ಸೇರಿತ್ತು, ಯಾವ ಕೈಪಿಡಿ ಯಾವ ಯಂತ್ರದ ಮೇಲೆ ಇತ್ತು ಎಂಬುದು ಆ ಫೋಟೊಗಳಿಂದಲೇ ಮುಂದೆ ಗೊತ್ತಾದದ್ದು. ಆಮೇಲೆ ಪ್ರತಿ ವಸ್ತುವಿಗೂ ದಾರ ಕಟ್ಟಿದ ಚೀಟಿ. ಅಂಟಿಸುವ ಲೇಬಲ್ ಬೇಡ, ಹತ್ತು ವರ್ಷದಲ್ಲಿ ಅದರ ಅಂಟು ಪ್ಲಾಸ್ಟಿಕ್ಕಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಕಾಕಾ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಕೆಲವು ಯಂತ್ರಗಳ ಹಿನ್ನೆಲೆ ಬರೆದಿದ್ದರು. ಯಾವ ಕಾರ್ಖಾನೆ, ಯಾವ ವರ್ಷ, ಯಾವ ಭಾಗ ಬದಲಾಯಿಸಿದ್ದು ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ. ಉಳಿದ ಅರ್ಧದಷ್ಟು ಯಂತ್ರಗಳ ಕಥೆ ಅವರ ತಲೆಯಲ್ಲಿಯೇ ಇತ್ತು, ಅವರೊಂದಿಗೇ ಹೋಯಿತು. ಇಂಥ ಸಂಗ್ರಹ ಇರುವ ಹಿರಿಯರು ನಿಮ್ಮ ಮನೆಯಲ್ಲಿ ಇದ್ದರೆ ಯಂತ್ರಗಳಿಗಿಂತ ಮೊದಲು ಅವರ ಎದುರು ಕುಳಿತು ಮೊಬೈಲಿನಲ್ಲಿ ಮಾತು ಮುದ್ರಿಸಿಕೊಳ್ಳಿ. ಯಂತ್ರ ಕೆಟ್ಟರೆ ಭಾಗ ಸಿಗಬಹುದು, ಯಾರು ಇದರಲ್ಲಿ ಏನು ಮಾಡುತ್ತಿದ್ದರು ಎಂಬುದು ಎಲ್ಲಿಯೂ ಸಿಗುವುದಿಲ್ಲ.

ಎರಡನೆಯದು ಬ್ಯಾಟರಿ. ಇದೊಂದನ್ನು ಮಾತ್ರ ನಾಳೆಗೆ ಮುಂದೂಡಬೇಡಿ. 286, 386, 486 ಎಂಬ ಹಳೆಯ ಪ್ರೊಸೆಸರ್ ಇದ್ದ ಪಿಸಿಗಳ ಕಾಲದ ಬಹಳಷ್ಟು ಮದರ್‌ಬೋರ್ಡುಗಳಲ್ಲಿ ಗಡಿಯಾರ ನಡೆಸಲು ಒಂದು ಪುಟ್ಟ ಪೀಪಾಯಿಯಾಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಸರುತ್ತದೆ. ಒಂದು 386ರ ಮುಚ್ಚಳ ತೆಗೆದಾಗ ಬ್ಯಾಟರಿಯ ನೀಲಿ ಹೊದಿಕೆ ಸೀಳಿ, ಸುತ್ತಲೂ ಹಸಿರು ಬಿಳಿ ಪುಡಿ ಕಟ್ಟಿತ್ತು. ಪಕ್ಕದ ಕೀಬೋರ್ಡ್ ಸಾಕೆಟ್ಟಿನ ಕಾಲುಗಳು ತುಕ್ಕು ಹಿಡಿದು ಮುಟ್ಟಿದರೆ ಉದುರುತ್ತಿದ್ದವು. ತಾಮ್ರದ ಗೆರೆಗಳು ಹಸಿರು ಬಣ್ಣದ ಪದರದ ಕೆಳಗೇ ಕಪ್ಪಾಗಿ, ಒಸರು ಬೋರ್ಡಿನ ಚಿಪ್ ಗಳ ಅಡಿಗೆ ತೆವಳಿತ್ತು. ಬ್ಯಾಟರಿಯನ್ನು ಕಟ್ಟರಿನಿಂದ ಕತ್ತರಿಸಿ ತೆಗೆದು, ಹತ್ತಿಯ ಕಡ್ಡಿಯಲ್ಲಿ ಬಿಳಿ ವಿನೆಗರ್ ಹಚ್ಚಿದೆ. ನೊರೆ ನಿಂತ ಮೇಲೆ ಡಿಸ್ಟಿಲ್ಡ್ ನೀರಿನಿಂದ, ಕೊನೆಗೆ ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ತೊಳೆದು ಫ್ಯಾನಿನ ಕೆಳಗೆ ಒಣಗಿಸಿದೆ. ಕೈಗವಸು, ಕನ್ನಡಕ ಎರಡೂ ಇರಲಿ.

ಬ್ಯಾಟರಿ ಹೋದರೆ ಯಂತ್ರದ ನೆನಪಿನಲ್ಲಿದ್ದ ಹಾರ್ಡ್ ಡಿಸ್ಕಿನ ವಿವರವೂ ಹೋಗುತ್ತದೆ. 286ರ ಮುಚ್ಚಳದ ಒಳಮೈಯಲ್ಲಿ ಕಾಕಾ ಪೆನ್ಸಿಲಿನಿಂದ 615, 4, 17 ಎಂದು ಬರೆದಿದ್ದರು. ಅದು ಸೀಗೇಟ್ ಎಸ್‌ಟಿ-225 ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಸಂಖ್ಯೆ. 20 ಎಂಬಿ ಹಿಡಿಯುವ ಡಿಸ್ಕು. ಮಾಹಿತಿಯ ಜಾಗ ಡಿಸ್ಕಿನಲ್ಲಿ ಹೇಗೆ ಹಂಚಿದೆ ಎಂದು ಯಂತ್ರಕ್ಕೆ ತಿಳಿಸುವ ಲೆಕ್ಕ ಅದು. ಆ ಮೂರು ಅಂಕಿಗಳು ಇಲ್ಲದಿದ್ದರೆ ಮುಂದೆ ನಾನು ಎಷ್ಟು ದಿನ ತಡಕಾಡಬೇಕಾಗುತ್ತಿತ್ತೋ. ಇಂಥ ಡಿಸ್ಕನ್ನು ಅದನ್ನು ನಡೆಸುವ ಕಂಟ್ರೋಲರ್ ಕಾರ್ಡಿನಿಂದ ಬೇರೆ ಮಾಡಬೇಡಿ. ಒಂದು ಕಾರ್ಡಿನಲ್ಲಿ ಫಾರ್ಮ್ಯಾಟ್ ಆದದ್ದು ಇನ್ನೊಂದು ಕಾರ್ಡಿಗೆ ಅನೇಕ ಸಲ ಓದಲು ಬರುವುದಿಲ್ಲ.

ಮೂರನೆಯದು ವಿದ್ಯುತ್. ನೋಡಲು ಬಂದವರೆಲ್ಲ "ಚಾಲೂ ಆಗುತ್ತದೆಯೇ?" ಎಂದು ಕೇಳುತ್ತಾ ಪ್ಲಗ್ಗಿನ ಕಡೆಗೇ ಕೈ ಚಾಚುತ್ತಿದ್ದರು. ನಾನು ಎಲ್ಲ ವೈರುಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಬಿಬಿಸಿ ಮೈಕ್ರೊದ ಪವರ್ ಸಪ್ಲೈನಲ್ಲಿ ರಿಫಾ ಎಂಬ ಹೆಸರಿನ ಕಾಗದದ ಕೆಪಾಸಿಟರ್‌ಗಳಿವೆ. ಅವುಗಳ ಪಾರದರ್ಶಕ ಹಳದಿ ಕವಚದಲ್ಲಿ ಕೂದಲೆಳೆಯ ಬಿರುಕುಗಳು ಮೂಡಿ, ಒಳಗೆ ತೇವ ಇಳಿದು, ಮನೆಯ ಕರೆಂಟು ತಾಗಿದೊಡನೆ ಸಿಡಿದು ಕೋಣೆಯ ತುಂಬ ಹೊಗೆಯೆಬ್ಬಿಸುತ್ತವೆ. ಬೆಳಗಾವಿಯ ನಾಲ್ಕು ತಿಂಗಳ ಮಳೆ ಕಂಡ ಯಂತ್ರದಲ್ಲಿ ಆ ಬಿರುಕು ಇಲ್ಲದಿರುವ ಸಾಧ್ಯತೆ ಕಡಿಮೆ. ನಮ್ಮದರಲ್ಲಿ ಲೆನ್ಸ್ ಹಿಡಿದು ನೋಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಕ್ಸ್2 ಎಂದು ಗುರುತಿರುವ ಹೊಸ ಕೆಪಾಸಿಟರ್‌ಗಳನ್ನು ತರಿಸಿ ಬದಲಿಸಿದೆವು.

ಬದಲಿಸಿದೆವು ಎಂದೆ, ಏಕೆಂದರೆ ಆ ಕೆಲಸದಲ್ಲಿ ಕೈಜೋಡಿಸಿದವರು ಬೆಳಗಾವಿಯದೇ ಶಹಾಪುರದ ಒಬ್ಬ ಹಿರಿಯ ಟಿವಿ ಮೆಕ್ಯಾನಿಕ್. ಕಾಕಾ ಅವರ ಗೆಳೆಯರು, ನಾನು ಚಿಕ್ಕಂದಿನಿಂದ ಮಾಮಾ ಎಂದೇ ಕರೆಯುವುದು. ಅವರ ಅಂಗಡಿಯಲ್ಲಿ ಸೀರೀಸ್ ಬೋರ್ಡ್ ಇದೆ. ಯಂತ್ರಕ್ಕೆ ಹೋಗುವ ಕರೆಂಟು ಮೊದಲು ಒಂದು 100 ವ್ಯಾಟ್ ಬಲ್ಬಿನ ಮೂಲಕ ಹಾಯುವಂತೆ ಜೋಡಿಸಿದ್ದಾರೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಮಾನಿಟರ್‌ಗಳ ಹಿಂಭಾಗವನ್ನು ಅವರೇ ಬಿಚ್ಚಿದರು, ನನಗೆ ಮುಟ್ಟಲು ಬಿಡಲಿಲ್ಲ. ಪಿಕ್ಚರ್ ಟ್ಯೂಬಿನಲ್ಲಿ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ಈ ಕೆಲಸ ತಿಳಿದ ಟಿವಿ ಮೆಕ್ಯಾನಿಕ್‌ಗಳು ಪ್ರತಿ ಊರಿನಲ್ಲೂ ಇನ್ನೂ ಇದ್ದಾರೆ, ಆದರೆ ಅವರಿಗೂ ವಯಸ್ಸಾಗುತ್ತಿದೆ. ಈಗಲೇ ಹುಡುಕಿ.

ಬಲ್ಬು ಒಮ್ಮೆ ಮಿಂಚಿ ಆರಿತು. ಬಿಬಿಸಿ ಮೈಕ್ರೊ ಮೊದಲು ತಗ್ಗಿನ, ಅದರ ಹಿಂದೆಯೇ ಎತ್ತರದ ಸ್ವರ ಹೊರಡಿಸಿತು. ಪರದೆಯ ಮೇಲೆ ಬಿಬಿಸಿ ಕಂಪ್ಯೂಟರ್ 32ಕೆ ಎಂಬ ಸಾಲು ಮೂಡಿತು. ಜೊತೆಗೆ ಬಂದಿದ್ದ ಕಾಕು ಅಂಗಡಿಯ ಬೆಂಚಿನಿಂದ ಎದ್ದು ಬಂದು, ಈ ಸದ್ದು ರಾತ್ರಿ ಎಷ್ಟೋ ಸಲ ಕೇಳಿದ್ದೇನೆ ಎಂದರು. ಮಾಮಾ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ಇದು ನನಗೆ ಒಪ್ಪಿಕೊಂಡ ಕೆಲಸವಾಗಿತ್ತು. ಅಂದಿನಿಂದ ಇದನ್ನು ಬಿಡುವುದು ನನ್ನಿಂದ ಸಾಧ್ಯವಿರಲಿಲ್ಲ.

ಫ್ಲಾಪಿಗಳ ಕೆಲಸ ಇಷ್ಟು ಬೇಗ ಮುಗಿಯಲಿಲ್ಲ. ಐದೂಕಾಲು ಇಂಚಿನ ಡಿಸ್ಕುಗಳ ಮೇಲೆ ಬೂಷ್ಟು ಬಂದಿತ್ತು. ಬೂಷ್ಟು ಹಿಡಿದ ಡಿಸ್ಕನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಅದೂ ಕೆಡುತ್ತದೆ, ಡ್ರೈವಿನ ಹೆಡ್ ಕೊಳೆಯಾಗಿ ಮುಂದಿನ ಡಿಸ್ಕನ್ನೂ ಗೀರುತ್ತದೆ. ಕವಚದ ಒಂದು ಅಂಚು ಕತ್ತರಿಸಿ, ಒಳಗಿನ ತೆಳು ಹಾಳೆಯನ್ನು ನಡುವಿನ ರಂಧ್ರದ ಬಳಿ ಮಾತ್ರ ಹಿಡಿದು ಹೊರತೆಗೆದು, ಐಸೊಪ್ರೊಪಿಲ್‌ನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಸ್ವಚ್ಛವಾದ ಬೇರೆ ಕವಚಕ್ಕೆ ಹಾಕಿ ಓದಿಸಬೇಕು. ಓದಲು ಗ್ರೀಸ್‌ವೀಝಲ್ ಎಂಬ ಸಣ್ಣ ಬೋರ್ಡು ತರಿಸಿದೆ. ಹಳೆಯ ಡ್ರೈವನ್ನು ಯುಎಸ್‌ಬಿ ಮೂಲಕ ಇಂದಿನ ಲ್ಯಾಪ್‌ಟಾಪಿಗೆ ಜೋಡಿಸಿ, ಡಿಸ್ಕಿನ ಕಾಂತೀಯ ಏರಿಳಿತವನ್ನೇ ಇದ್ದ ಹಾಗೆ ನಕಲು ಮಾಡುತ್ತದೆ. ಯಾವ ಯಂತ್ರದ ಡಿಸ್ಕು ಎಂದು ಮೊದಲೇ ಗೊತ್ತಿರಬೇಕಾಗಿಲ್ಲ, ಅರ್ಥ ಮಾಡಿಕೊಳ್ಳುವ ಕೆಲಸ ಆಮೇಲೆ ಮಾಡಬಹುದು. ಮೊದಲ ಓದೇ ಕೊನೆಯ ಓದು ಆಗಬಹುದಾದ ಡಿಸ್ಕುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಕೆಲವು ಡಿಸ್ಕುಗಳಲ್ಲಿ ಕಂದು ಲೇಪವೇ ಕಿತ್ತು ಬಂತು. ಅವು ಹೋದವು.

ಓದಿದ ಫೈಲುಗಳಲ್ಲಿ ಕನ್ನಡ ಇತ್ತು. ಮುದ್ರಣಾಲಯದ ಲಗ್ನಪತ್ರಿಕೆಗಳು, ಪತ್ತಿನ ಸಂಘದ ವಾರ್ಷಿಕ ವರದಿಗಳು, ಒಂದು ಹಳ್ಳಿಯ ಭಜನಾ ಮಂಡಳಿಯವರು ಹಾಡುವ ಪದಗಳ ಸಂಗ್ರಹ. ಕೆಲವನ್ನು ಭಾರತೀಯ ಲಿಪಿಗಳನ್ನು ಮೂಡಿಸುವ ಜಿಸ್ಟ್ ಕಾರ್ಡ್ ಇದ್ದ ಪಿಸಿಯಲ್ಲಿ ಬರೆದಿದ್ದರು. ಅವು ಭಾರತೀಯ ಲಿಪಿಗಳಿಗೆಂದೇ ಮಾಡಿದ್ದ ಇಸ್ಕಿ ಸಂಕೇತದಲ್ಲಿದ್ದವು. ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದಲ್ಲಿ ಭಾರತೀಯ ಲಿಪಿಗಳ ಜೋಡಣೆ ಇಸ್ಕಿಯಿಂದಲೇ ಬಂದದ್ದಾದ್ದರಿಂದ ಅವನ್ನು ಇಂದಿನ ಕನ್ನಡಕ್ಕೆ ಮಾರ್ಪಡಿಸುವುದು ಸುಲಭವಾಯಿತು. ಭಜನಾ ಪದಗಳು ಮಾತ್ರ ಖಾಸಗಿ ಫಾಂಟ್ ಒಂದರಲ್ಲಿದ್ದವು. ಆ ಕಾಲದಲ್ಲಿ ಪ್ರತಿ ಕಂಪನಿಯೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತನಗೆ ತೋಚಿದಂತೆ ಕನ್ನಡದ ತುಣುಕುಗಳನ್ನು ಕೂರಿಸುತ್ತಿತ್ತು. ತಲೆಕಟ್ಟಿಗೆ ಒಂದು ಸಂಕೇತ, ಒತ್ತಿಗೆ ಇನ್ನೊಂದು, ಕೊಂಬಿಗೆ ಮತ್ತೊಂದು. ಇಂದು ಆ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಮಾತ್ರ ಕಾಣುತ್ತದೆ. ಸಿಗುವ ಪರಿವರ್ತಕಗಳು ನುಡಿ, ಬರಹದಂಥ ಮುಂದಿನ ತಂತ್ರಾಂಶಗಳಿಗೆ ಆಗುತ್ತವೆಯೇ ಹೊರತು ಇದಕ್ಕೆ ಆಗಲಿಲ್ಲ. ಕಾಕಾ ಅದೇ ಫೈಲಿನ ಒಂದು ಮುದ್ರಿತ ಹಾಳೆಯನ್ನು ಡಬ್ಬಿಯಲ್ಲಿ ಮಡಿಸಿಟ್ಟಿದ್ದರು. ಹಾಳೆಯನ್ನೂ ಪರದೆಯನ್ನೂ ಎದುರುಬದುರು ಇಟ್ಟುಕೊಂಡು ಒಂದೊಂದೇ ಸಂಕೇತದ ಪಟ್ಟಿ ಮಾಡಿದೆ. ರಾತ್ರಿಗಳು ಹಿಡಿದವು. ಕೊನೆಗೆ ಪದಗಳು ಓದಲು ಬಂದಾಗ ಮಂಡಳಿಯವರಿಗೆ ಕರೆ ಮಾಡಿದೆ. ಆ ಪುಸ್ತಿಕೆಯ ಒಂದು ಪ್ರತಿಯೂ ಅವರಲ್ಲಿ ಉಳಿದಿರಲಿಲ್ಲ. ಹಳೆಯ ಮುದ್ರಿತ ಹಾಳೆಗಳನ್ನು ಕಸವೆಂದು ಬಿಸಾಡಬೇಡಿ, ಅವೇ ಕೀಲಿಕೈ.

ಕಾಗದಪಟ್ಟಿಯ ಸುರುಳಿಗಳಿಗೆ ಯಂತ್ರವೇ ಬೇಕಾಗಲಿಲ್ಲ. ಒಂದು ಇಂಚು ಅಗಲದ ಪಟ್ಟಿ, ಅಡ್ಡ ಸಾಲಿನಲ್ಲಿ ಎಂಟು ರಂಧ್ರಗಳಿಗೆ ಜಾಗ, ನಡುವೆ ಪಟ್ಟಿಯನ್ನು ಎಳೆಯುವ ಹಲ್ಲುಚಕ್ರದ ಸಣ್ಣ ರಂಧ್ರಗಳ ಸಾಲು. ಇವುಗಳಲ್ಲಿ ಬಳಸುತ್ತಿದ್ದ ಸಂಕೇತ ಪದ್ಧತಿಗಳು ಎರಡು. ಪ್ರತಿ ಸಾಲಿನ ರಂಧ್ರಗಳು ಸರಿಸಂಖ್ಯೆಯಲ್ಲಿದ್ದರೆ ಐಎಸ್ಒ ಸಂಕೇತ, ಬೆಸಸಂಖ್ಯೆಯಲ್ಲಿದ್ದರೆ ಇಐಎ. ಕಪ್ಪು ಬಟ್ಟೆಯ ಮೇಲೆ ಬಿಡಿಸಿ ಫೋಟೊ ತೆಗೆದು ಓದಿದಾಗ ಕವಾಟದ ಒಂದು ಭಾಗವನ್ನು ಲೇತಿನಲ್ಲಿ ಕೊರೆಯುವ ಆದೇಶಗಳು ಸಾಲುಸಾಲಾಗಿ ಹೊರಬಂದವು. ನಾನು ಈಗ ಕೆಲಸ ಮಾಡುವ ಬೀದಿಯಲ್ಲೇ ಆ ಭಾಗ ತಯಾರಾಗುತ್ತಿತ್ತು.

ಇಷ್ಟರಲ್ಲಿ ಮನೆ ಬಿಡುವ ದಿನ ಬಂತು. ಅನಗೋಳದಲ್ಲಿ ಮೊದಲ ಮಹಡಿಯ ಒಂದು ಕೋಣೆಯನ್ನು ತಿಂಗಳಿಗೆ ಮೂರೂವರೆ ಸಾವಿರಕ್ಕೆ ಬಾಡಿಗೆ ಹಿಡಿದೆ. ನೆಲಮಹಡಿ ಅಗ್ಗಕ್ಕೆ ಸಿಗುತ್ತಿತ್ತು, ಗೆದ್ದಲು ಮತ್ತು ತೇವದ ಭಯಕ್ಕೆ ಬೇಡವೆಂದೆ. ಸಾಗಿಸಲು ಟಾಟಾ ಏಸ್ ಬಾಡಿಗೆಗೆ ಪಡೆದೆ. ಮಾನಿಟರ್‌ಗಳನ್ನು ದಪ್ಪ ಹಾಸಿನ ಮೇಲೆ ಗಾಜು ಕೆಳಮುಖವಾಗಿ ಇಡಬೇಕು, ಭಾರವೆಲ್ಲ ಗಾಜಿನ ಕಡೆಗಿರುತ್ತದೆ. ಹಮಾಲರಿಗೆ ಇದನ್ನು ಮೊದಲೇ ತಿಳಿಸಿದ್ದಕ್ಕೆ ಒಂದೂ ಒಡೆಯಲಿಲ್ಲ. ಮಳೆಗಾಲ ದಾಟಿಸಲು ತೇವ ಹೀರುವ ಯಂತ್ರ ಕೊಂಡೆ. ಹದಿನೇಳು ಸಾವಿರದ ಆಸುಪಾಸು, ಬಾಡಿಗೆ ಬಿಟ್ಟರೆ ಇಡೀ ಖರ್ಚಿನಲ್ಲಿ ದೊಡ್ಡದು ಇದೇ. ತೇವಮಾಪಕವನ್ನು ಗೋಡೆಗೆ ತೂಗುಹಾಕಿ 50 ಪ್ರತಿಶತದ ಆಚೆ ಹೋಗದಂತೆ ನೋಡಿಕೊಂಡೆ. ನುಸಿಗುಳಿಗೆ ಇಡಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಬಾಡಿಗೆ, ಬಿಡಿಭಾಗ, ಫ್ಲಾಪಿ ಓದುವ ಬೋರ್ಡು, ಸಾಗಾಟ, ಕಾಗದಪತ್ರ ಎಲ್ಲ ಸೇರಿ ಲಕ್ಷದ ಸಮೀಪಕ್ಕೆ ಬಂತು. ಅರ್ಧವನ್ನು ಪುಣೆಯ ತಂಗಿ ಕೊಟ್ಟಳು.

ಶಾಶ್ವತ ನೆಲೆ ಹುಡುಕುವುದೇ ನನ್ನನ್ನು ಹೆಚ್ಚು ಬಳಲಿಸಿದ್ದು. ಬೆಂಗಳೂರಿನ ಒಂದು ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆದೆ. ತಿಂಗಳುಗಟ್ಟಲೆ ಕಾದ ಮೇಲೆ ಎರಡು ಯಂತ್ರ ಮಾತ್ರ ಸಾಕು ಎಂಬ ಉತ್ತರ ಬಂತು. ಯಂತ್ರ, ಅದರ ಫ್ಲಾಪಿ, ಅದರ ಕೈಪಿಡಿ, ಅದನ್ನು ಬಳಸಿದ ಕಾರ್ಖಾನೆಯ ಕಾಗದ ಒಟ್ಟಿಗೆ ಇದ್ದರೆ ಮಾತ್ರ ಬೆಲೆ ಎಂದು ನಾನು ನಂಬಿದ್ದರಿಂದ ಒಡೆದು ಕೊಡಲು ಮನಸ್ಸಾಗಲಿಲ್ಲ. ದುಡ್ಡಿದ್ದರೆ ಎಲ್ಲ ಸರಿಯಾಗುತ್ತದೆ ಎಂದೂ ಹೇಳಲಾಗದು. ಮೈಕ್ರೊಸಾಫ್ಟ್ ಸಹಸಂಸ್ಥಾಪಕ ಪಾಲ್ ಆಲೆನ್ ಸಿಯಾಟಲ್‌ನಲ್ಲಿ ಕಟ್ಟಿದ, ಹಳೆಯ ಕಂಪ್ಯೂಟರ್‌ಗಳನ್ನು ಚಾಲೂ ಸ್ಥಿತಿಯಲ್ಲೇ ಇಟ್ಟಿದ್ದ ಸಂಗ್ರಹಾಲಯ 2020ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಅವರು ತೀರಿಕೊಂಡಿದ್ದರು. 2024ರಲ್ಲಿ ಅಲ್ಲಿನ ಹಲವು ವಸ್ತುಗಳು ಹರಾಜಾದವು. ಇದನ್ನು ಓದಿದ ಮೇಲೆ, ಯಾರಿಗೆ ಕೊಡುತ್ತೇವೆ ಎಂಬುದಕ್ಕಿಂತ ಯಾವ ಕರಾರಿನ ಮೇಲೆ ಕೊಡುತ್ತೇವೆ ಎಂಬುದರ ಕಡೆಗೆ ನನ್ನ ಗಮನ ತಿರುಗಿತು.

ಕೊನೆಗೆ ಒಪ್ಪಿದ್ದು ಬೆಳಗಾವಿಯ ಆಚೆಗಿನ ಒಂದು ಎಂಜಿನಿಯರಿಂಗ್ ಕಾಲೇಜು. ವಿಭಾಗದ ಮುಖ್ಯಸ್ಥರಿಗೆ ಉತ್ಸಾಹ ಇತ್ತು. ಆಡಳಿತ ಕಚೇರಿ ಮಾತ್ರ ಪ್ರತಿ ವಸ್ತುವಿನ ಬಿಲ್ ಕೇಳಿತು. ಕಾರ್ಖಾನೆಗಳು ಮೂವತ್ತು ವರ್ಷದ ಹಿಂದೆ ಹಾಗೆಯೇ ಕೊಟ್ಟದ್ದಕ್ಕೆ ಬಿಲ್ ಎಲ್ಲಿಂದ ಬರಬೇಕು? ನಮ್ಮ ವಕೀಲರು ದಾರಿ ತೋರಿಸಿದರು. ಚರಾಸ್ತಿಯನ್ನು ದಾನ ಮಾಡಲು ನೋಂದಣಿ ಕಡ್ಡಾಯವಲ್ಲ, ಕೈಗೆ ಒಪ್ಪಿಸಿದರೂ ದಾನ ಸಿಂಧು. ಆದರೆ ಕೊಡುವವರಿಗೆ ಹಕ್ಕಿದೆ ಎಂದು ತೋರಿಸಬೇಕು. ಕಾಕಾ ಉಯಿಲು ಬರೆದಿರಲಿಲ್ಲ, ಆದ್ದರಿಂದ ಕಾಕು, ತಮ್ಮ, ತಂಗಿ ಮೂವರೂ ವಾರಸುದಾರರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂವರ ಒಪ್ಪಿಗೆ ಪತ್ರ, ನನ್ನ ಪಟ್ಟಿ ಮತ್ತು ಫೋಟೊಗಳು, ನೋಟರಿ ಎದುರು ಪ್ರಮಾಣಪತ್ರ ಇಷ್ಟು ಕೊಟ್ಟ ಮೇಲೆ ಬಿಲ್ಲಿನ ಮಾತು ನಿಂತಿತು. ಒಂದು ತೊಡಕು ಉಳಿದಿತ್ತು. ಬಿಬಿಸಿ ಮೈಕ್ರೊ ಶಾಲೆಗೆ ಸರ್ಕಾರ ಕೊಟ್ಟ ಯಂತ್ರ. ಅದು ಕಾಕಾ ಅವರ ಸ್ವಂತದ್ದು ಎನ್ನಲು ಆಧಾರವೇನು ಎಂದು ಕಚೇರಿಯವರು ಕೇಳಿದ್ದು ನ್ಯಾಯವೇ. ಕೈಪಿಡಿಗಳನ್ನು ಮತ್ತೆ ಹಾಳೆ ಹಾಳೆಯಾಗಿ ತಿರುವಿದಾಗ ಶಾಲೆಯ ಹರಾಜಿನ ಪಾವತಿ ಚೀಟಿ ಅದರೊಳಗೆ ಸಿಕ್ಕಿತು. ಹಳೆಯ ಕೈಪಿಡಿಯನ್ನು ಪೂರ್ತಿ ನೋಡದೆ ಪೆಟ್ಟಿಗೆಗೆ ಹಾಕಬೇಡಿ ಎಂದು ಅದಕ್ಕೇ ಹೇಳುತ್ತೇನೆ.

ಆದರೆ ಕೊನೆಗೆ ನಾವು ದಾನ ಕೊಡಲಿಲ್ಲ. ಹತ್ತು ವರ್ಷಕ್ಕೆ ಎರವಲು ಕೊಟ್ಟಿದ್ದೇವೆ. ಸಂಗ್ರಹವನ್ನು ಒಡೆಯುವಂತಿಲ್ಲ, ಮಾರುವಂತಿಲ್ಲ, ಕಾಲೇಜಿಗೆ ಬೇಡವಾದರೆ ಆರು ತಿಂಗಳು ಮುಂಚೆ ತಿಳಿಸಿ ಕುಟುಂಬಕ್ಕೆ ಹಿಂತಿರುಗಿಸಬೇಕು, ಯಾವ ಯಂತ್ರವನ್ನೂ ತಿಳಿದವರ ಪರೀಕ್ಷೆ ಇಲ್ಲದೆ ಚಾಲೂ ಮಾಡುವಂತಿಲ್ಲ, ವಿಮೆ ಕಾಲೇಜಿನದು ಎಂಬ ಕರಾರುಗಳಿವೆ. ಬ್ಯಾಟರಿಯ ಒಸರಿನಿಂದ ಪೂರ್ತಿ ಹಾಳಾದ ಬೋರ್ಡುಗಳನ್ನೂ ಮೊದಲೇ ಒಡೆದಿದ್ದ ಎರಡು ಟ್ಯೂಬುಗಳನ್ನೂ ಫೋಟೊ ತೆಗೆದಿಟ್ಟುಕೊಂಡು, ಇ-ತ್ಯಾಜ್ಯದ ನೋಂದಾಯಿತ ಮರುಬಳಕೆದಾರರಿಗೆ ರಸೀದಿ ಪಡೆದು ಒಪ್ಪಿಸಿದೆ. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ಅದು ಹೊಲದ ಬದುವಿಗೆ ಹೋಗಬಾರದು.

ಕಾಲೇಜಿನಲ್ಲಿ ಕೋಣೆಗೆ ಕಪಾಟುಗಳು ಬಂದಿವೆ. ಮಾಮಾ ಎರಡು ಶನಿವಾರಕ್ಕೊಮ್ಮೆ ಹೋಗಿ ಕೊನೆಯ ವರ್ಷದ ಹುಡುಗ ಹುಡುಗಿಯರಿಗೆ ಪವರ್ ಸಪ್ಲೈ ಬಿಚ್ಚುವುದನ್ನು ಕಲಿಸುತ್ತಿದ್ದಾರೆ. ಆ 20 ಎಂಬಿ ಡಿಸ್ಕನ್ನು ಇನ್ನೂ ತಿರುಗಿಸಿಲ್ಲ. ಅದರಲ್ಲಿ ಪತ್ತಿನ ಸಂಘದ ಮೊದಲ ಲೆಕ್ಕದ ತಂತ್ರಾಂಶ ಇದೆ ಎಂದು ನೋಟುಬುಕ್ಕಿನಲ್ಲಿ ಬರೆದಿದೆ. ಅಂಥ ಡಿಸ್ಕನ್ನು ನೇರವಾಗಿ ನಕಲು ಮಾಡುವ ಬೋರ್ಡಿಗೆ ಹಣ ಕಳಿಸಿದ್ದೇನೆ, ಕಸ್ಟಮ್ಸ್ ದಾಟಿ ಬರಬೇಕು. ಬಂದ ಮೇಲೆ ಮಾಮಾ ಊರಿನಲ್ಲಿರುವ ದಿನ ನೋಡಿ ಆ ಕೆಲಸಕ್ಕೆ ಕೂರುತ್ತೇವೆ.